ರಾತ್ರಿ ಕಾಲುಗಳ ಚಡಪಡಿಕೆ: ಕಾರಣ ಮತ್ತು ಪರಿಹಾರ

ದಿನವಿಡೀ ಹೊಲಗದ್ದೆಗಳಲ್ಲಿ ದುಡಿದ ಶರೀರಕ್ಕೆ ರಾತ್ರಿಯ ನಿದ್ರೆಯೇ ನಿಜವಾದ ವಿಶ್ರಾಂತಿ. ಉಳುಮೆ, ನಾಟಿ, ಕಳೆ, ಕೊಯ್ಲು, ಯಾವ ಕೆಲಸವೇ ಇರಲಿ, ಮರುದಿನ ಅದನ್ನು ಮತ್ತೆ ಕೈಗೆತ್ತಿಕೊಳ್ಳುವ ಶಕ್ತಿ ಬರುವುದು ನಿದ್ರೆಯಿಂದಲೇ. ಆದರೆ ಕೆಲವರಿಗೆ ಚಾಪೆಯ ಮೇಲೆ ಮೈ ಚಾಚಿದೊಡನೆಯೇ ತೊಂದರೆ ಆರಂಭವಾಗುತ್ತದೆ. ಮೊಣಕಾಲಿನ ಕೆಳಗೆ, ಮೀನಖಂಡದ ಒಳಗೆ ಏನೋ ಹರಿದಾಡಿದಂತೆ, ಎಳೆದಂತೆ, ಜುಮುಜುಮು ಎಂದಂತೆ ಆಗುತ್ತದೆ. ಕಾಲನ್ನು ಅಲ್ಲಾಡಿಸದೆ ಇರಲಾಗುವುದಿಲ್ಲ. ಮಡಚಿದರೆ ಚಾಚಬೇಕು, ಚಾಚಿದರೆ ಮಡಚಬೇಕು ಎನ್ನಿಸುತ್ತದೆ. ಎದ್ದು ನಾಲ್ಕು ಹೆಜ್ಜೆ ನಡೆದರೆ ಹಾಯೆನಿಸುತ್ತದೆ. ಬಂದು ಮಲಗಿದರೆ ಮತ್ತೆ ಅದೇ ಕಾಟ.

ಇಂಥ ತೊಂದರೆ ಇರುವವರು ಮನೆಯಲ್ಲಿ ಎಣ್ಣೆ ತಿಕ್ಕಿಸಿಕೊಳ್ಳುತ್ತಾರೆ, ಮಕ್ಕಳಿಂದ ಕಾಲು ತುಳಿಸಿಕೊಳ್ಳುತ್ತಾರೆ, ಬಟ್ಟೆ ಬಿಗಿದು ಕಟ್ಟಿಕೊಳ್ಳುತ್ತಾರೆ, ಇಲ್ಲವೇ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗುತ್ತಾರೆ. ವಾಯು ಎಂದು, ನರಗಳ ದೌರ್ಬಲ್ಯ ಎಂದು, ವಯಸ್ಸಾಯಿತೆಂದು ಸುಮ್ಮನಾಗುವವರೇ ಹೆಚ್ಚು. ಎಣ್ಣೆಯಿಂದ ಆ ರಾತ್ರಿಯ ಮಟ್ಟಿಗೆ ಸ್ವಲ್ಪ ಸಮಾಧಾನ ಸಿಗುವುದು ನಿಜ. ಆದರೆ ಈ ಕಾಯಿಲೆಗೆ ಅನೇಕರಲ್ಲಿ ಶರೀರದ ಕಬ್ಬಿಣಾಂಶದ ಕೊರತೆಯೇ ಕಾರಣವಾಗಿರುತ್ತದೆ. ಅದನ್ನು ಪರೀಕ್ಷೆಯಿಂದ ತಿಳಿಯಬಹುದು, ಸರಿಪಡಿಸಲೂಬಹುದು. ಆದ್ದರಿಂದ ವರ್ಷಗಟ್ಟಲೆ ಕಾಲು ತಿಕ್ಕಿಸಿಕೊಳ್ಳುವ ಮುನ್ನ ಒಮ್ಮೆ ರಕ್ತವನ್ನು ಪರೀಕ್ಷಿಸಿಕೊಳ್ಳುವುದು ಲೇಸು.

ಕಾಯಿಲೆಯ ಲಕ್ಷಣಗಳು

ಈ ತೊಂದರೆ ಹೊಸದೇನಲ್ಲ. ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ 1672ರಲ್ಲಿಯೇ ಇದರ ಬಗ್ಗೆ ಬರೆದಿದ್ದನು. 1945ರಲ್ಲಿ ಸ್ವೀಡನ್ ದೇಶದ ವೈದ್ಯ ಕಾರ್ಲ್ ಆಕ್ಸೆಲ್ ಎಕ್ಬೋಮ್ ಇದನ್ನು ವಿವರವಾಗಿ ಅಭ್ಯಸಿಸಿ, 'ಚಡಪಡಿಸುವ ಕಾಲುಗಳು' ಎಂಬ ಅರ್ಥದ ಹೆಸರಿಟ್ಟನು. ಇದನ್ನು ಯಂತ್ರದಿಂದಾಗಲಿ, ಎಕ್ಸ್-ರೇಯಿಂದಾಗಲಿ ಪತ್ತೆ ಹಚ್ಚಲಾಗದು. ರೋಗಿ ಹೇಳುವ ವಿವರಗಳಿಂದಲೇ ವೈದ್ಯರು ಗುರುತಿಸಬೇಕು. ಆದ್ದರಿಂದ ಕೆಳಗಿನ ನಾಲ್ಕು ಲಕ್ಷಣಗಳನ್ನು ನೆನಪಿಟ್ಟುಕೊಂಡು ವೈದ್ಯರಿಗೆ ಸ್ಪಷ್ಟವಾಗಿ ತಿಳಿಸಬೇಕು.

1. ಕಾಲುಗಳನ್ನು ಆಡಿಸಲೇಬೇಕೆಂಬ ತಡೆಯಲಾರದ ಒತ್ತಾಯ. ಸಾಮಾನ್ಯವಾಗಿ ಇದರ ಜೊತೆಗೆ ಕಾಲಿನ ಒಳಗೆ ಹರಿದಾಡಿದಂಥ, ಎಳೆದಂಥ ಅಹಿತವಾದ ಅನುಭವವಿರುತ್ತದೆ.

2. ಕುಳಿತಾಗ ಅಥವಾ ಮಲಗಿದಾಗ ತೊಂದರೆ ಆರಂಭವಾಗುವುದು, ಇಲ್ಲವೇ ಹೆಚ್ಚುವುದು. ದೂರದ ಬಸ್ ಪ್ರಯಾಣದಲ್ಲಿ, ಹರಿಕಥೆ ಬಯಲಾಟಗಳಲ್ಲಿ ಒಂದೆಡೆ ಕೂರಲಾಗದೆ ಒದ್ದಾಡುವುದು ಇದರಿಂದಲೇ.

3. ನಡೆದಾಗ, ಕಾಲು ಚಾಚಿ ಮಡಚಿದಾಗ ಪೂರ್ತಿಯಾಗಿ ಅಥವಾ ಸ್ವಲ್ಪ ಮಟ್ಟಿಗಾದರೂ ಕಡಿಮೆಯಾಗುವುದು.

4. ಹಗಲಿಗಿಂತ ಸಂಜೆ ಮತ್ತು ರಾತ್ರಿ ಹೆಚ್ಚಾಗುವುದು. ಮುಂಜಾವಿನ ಹೊತ್ತಿಗೆ ಕಾಟ ತಗ್ಗಿ ನಿದ್ರೆ ಹತ್ತುವುದು ಸಾಮಾನ್ಯ.

ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ತಾಯಿಗೆ ಇದ್ದದ್ದು ಮಗಳಿಗೂ ಬರುವಂತೆ ವಂಶಪಾರಂಪರ್ಯವಾಗಿ ಬರುವುದೂ ಉಂಟು. ಇದಿರುವ ಅನೇಕರು ನಿದ್ರೆಯಲ್ಲಿಯೂ ಆಗಾಗ ಕಾಲನ್ನು ಝಾಡಿಸುತ್ತಿರುತ್ತಾರೆ. ಅದು ಅವರಿಗೆ ತಿಳಿಯದಿದ್ದರೂ ಪಕ್ಕದಲ್ಲಿ ಮಲಗಿದವರಿಗೆ ಗೊತ್ತಿರುತ್ತದೆ. ವೈದ್ಯರ ಬಳಿಗೆ ಹೋಗುವಾಗ ಅವರನ್ನೂ ಜೊತೆಯಲ್ಲಿ ಕರೆದೊಯ್ಯುವುದು ಉಪಯುಕ್ತ.

ರಾತ್ರಿ ನಿದ್ರೆ ಕೆಟ್ಟವರು ಹಗಲು ತೂಕಡಿಸುತ್ತಾರೆ. ಟ್ರ್ಯಾಕ್ಟರ್ ನಡೆಸುವಾಗ, ಒಕ್ಕಣೆ ಯಂತ್ರಕ್ಕೆ ತೆನೆ ಕೊಡುವಾಗ, ಮೇವು ಕತ್ತರಿಸುವ ಯಂತ್ರದ ಬಾಯಿಗೆ ಕೈ ಒಯ್ಯುವಾಗ ಒಂದು ಕ್ಷಣದ ತೂಕಡಿಕೆಯೂ ಅಂಗ ಊನಕ್ಕೆ ದಾರಿಯಾಗಬಹುದು. ಆದ್ದರಿಂದ ಇದು ಅಲಕ್ಷಿಸತಕ್ಕ ಕಾಯಿಲೆಯಲ್ಲ.

ಬೇರೆ ತೊಂದರೆಗಳಿಂದ ಬೇರ್ಪಡಿಸಿ ನೋಡಿ

ಕಾಲಿನ ಎಲ್ಲ ತೊಂದರೆಗಳೂ ಈ ಕಾಯಿಲೆಯಲ್ಲ. ಕೆಳಗಿನವುಗಳನ್ನು ಬೇರೆಯಾಗಿ ಗುರುತಿಸಬೇಕು.

ಮೀನಖಂಡದ ಸೆಡೆತ: ಮಾಂಸಖಂಡ ಥಟ್ಟನೆ ಗಂಟು ಕಟ್ಟಿದಂತೆ ಗಟ್ಟಿಯಾಗಿ ತೀವ್ರ ನೋವಾಗುತ್ತದೆ. ಪಾದವನ್ನು ಮೇಲಕ್ಕೆ ಮಡಚಿ ಎಳೆದರೆ ಬಿಡುತ್ತದೆ. ಚಡಪಡಿಕೆಯಲ್ಲಿ ಮಾಂಸಖಂಡ ಗಂಟು ಕಟ್ಟುವುದಿಲ್ಲ.

ಸಕ್ಕರೆ ಕಾಯಿಲೆಯ ಉರಿ: ಅಂಗಾಲು ಉರಿಯುವುದು, ಮರಗಟ್ಟುವುದು, ಚಪ್ಪಲಿ ಕಳಚಿದ್ದೂ ತಿಳಿಯದಿರುವುದು ಇದರ ಲಕ್ಷಣ. ನಡೆದಾಡಿದರೂ ಇದು ಕಡಿಮೆಯಾಗುವುದಿಲ್ಲ.

ರಕ್ತ ಸಂಚಾರದ ಅಡಚಣೆ: ಬಹುಕಾಲ ಬೀಡಿ ಸೇದಿದವರಲ್ಲಿ ಸ್ವಲ್ಪ ದೂರ ನಡೆದೊಡನೆ ಮೀನಖಂಡ ನೋಯುತ್ತದೆ, ನಿಂತರೆ ಕಡಿಮೆಯಾಗುತ್ತದೆ. ಇದು ಚಡಪಡಿಕೆಗೆ ತೀರ ವಿರುದ್ಧವಾದ ಲಕ್ಷಣ.

ಒಂದೇ ಕಾಲಿನ ಬಾವು: ಒಂದು ಕಾಲು ಮಾತ್ರ ಊದಿ, ಕೆಂಪಾಗಿ, ಬಿಸಿಯಾಗಿ ನೋಯುತ್ತಿದ್ದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಅಂಥ ಕಾಲನ್ನು ತಿಕ್ಕಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಕೀಟನಾಶಕದ ವಿಷ: ಔಷಧಿ ಸಿಂಪಡಿಸಿ ಬಂದ ನಂತರ ಮಾಂಸಖಂಡಗಳು ಅದುರುವುದರ ಜೊತೆಗೆ ಜೊಲ್ಲು, ಬೆವರು, ವಾಂತಿ, ಕಣ್ಣು ಮಂಜಾಗುವುದು ಕಂಡುಬಂದರೆ ಅದು ವಿಷಬಾಧೆ. ತಡಮಾಡದೆ ಔಷಧಿಯ ಡಬ್ಬಿಯ ಸಮೇತ ಆಸ್ಪತ್ರೆಗೆ ಕರೆದೊಯ್ಯಬೇಕು.

ಕಬ್ಬಿಣಕ್ಕೂ ಕಾಲಿಗೂ ಏನು ಸಂಬಂಧ?

ಕಾಲು ಚಡಪಡಿಸಿದರೂ ತೊಂದರೆಯ ಮೂಲ ಇರುವುದು ಮೆದುಳಿನಲ್ಲಿ. ಶರೀರದ ಚಲನೆಯನ್ನು ಹದದಲ್ಲಿಡಲು ಮೆದುಳು ಡೋಪಮೀನ್ ಎಂಬ ರಾಸಾಯನಿಕವನ್ನು ತಯಾರಿಸಿಕೊಳ್ಳುತ್ತದೆ. ಇದರ ತಯಾರಿಕೆಗೆ ಕಬ್ಬಿಣಾಂಶ ಬೇಕೇಬೇಕು. ಮೆದುಳಿಗೆ ಸಾಕಷ್ಟು ಕಬ್ಬಿಣ ದೊರೆಯದಿದ್ದಾಗ ಈ ವ್ಯವಸ್ಥೆಯ ಹದ ತಪ್ಪಿ, ವಿಶ್ರಾಂತಿಯ ಹೊತ್ತಿನಲ್ಲಿ ಕಾಲುಗಳು ಚಡಪಡಿಸುತ್ತವೆ.

ರೈತ ಬಾಂಧವರಿಗೆ ಬೆಳೆಗಳಲ್ಲಿ ಕಬ್ಬಿಣದ ಕೊರತೆ ಪರಿಚಿತವೇ ಆಗಿದೆ. ಸುಣ್ಣದ ಅಂಶ ಹೆಚ್ಚಿರುವ ಭೂಮಿಯಲ್ಲಿ ಶೇಂಗಾ ಮತ್ತು ಕಬ್ಬಿನ ಎಳೆಯ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಮಣ್ಣಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕುವುದಿಲ್ಲ. ಆಗ ಅನ್ನಭೇದಿಯ ದ್ರಾವಣ ಸಿಂಪಡಿಸುತ್ತೇವೆ. ಮನುಷ್ಯನ ವಿಷಯವೂ ಹೀಗೆಯೇ. ಊಟದಲ್ಲಿ ಕಬ್ಬಿಣವಿದ್ದರೂ ಅದು ಕರುಳಿನಲ್ಲಿ ಹೀರಲ್ಪಡದಿದ್ದರೆ ಪ್ರಯೋಜನವಿಲ್ಲ. ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣದ ಮಾತ್ರೆಗಳಲ್ಲಿ ಅನೇಕವುಗಳಲ್ಲಿರುವುದು ಶುದ್ಧೀಕರಿಸಿದ ಅನ್ನಭೇದಿಯೇ. ಆದರೆ ಬೆಳೆಗೆಂದು ತಂದ ಅನ್ನಭೇದಿಯನ್ನು ಯಾವ ಕಾರಣಕ್ಕೂ ಮನುಷ್ಯರು ಸೇವಿಸಬಾರದು; ಅದು ಅಪಾಯಕರ.

ಯಾವ ಪರೀಕ್ಷೆ ಮಾಡಿಸಬೇಕು?

ಹಿಮೋಗ್ಲೋಬಿನ್ ಸರಿಯಾಗಿದೆ, ರಕ್ತ ಚೆನ್ನಾಗಿದೆ ಎಂದು ವರದಿ ಬಂದರೂ ಕಾಲುಗಳ ಚಡಪಡಿಕೆಗೆ ಕಬ್ಬಿಣದ ಕೊರತೆಯೇ ಕಾರಣವಾಗಿರಬಹುದು. ಹಿಮೋಗ್ಲೋಬಿನ್ ಎಂಬುದು ಅಡುಗೆಮನೆಯ ಡಬ್ಬಿಯಲ್ಲಿರುವ ಜೋಳವಿದ್ದಂತೆ. ಕಣಜದಲ್ಲಿ ಎಷ್ಟಿದೆ ಎಂಬುದನ್ನು ಅದು ಹೇಳುವುದಿಲ್ಲ. ಕಣಜ ಬರಿದಾಗುತ್ತ ಬಂದರೂ ಡಬ್ಬಿ ಕೆಲಕಾಲ ತುಂಬಿಯೇ ಇರುತ್ತದೆ. ಶರೀರದ ಕಣಜವನ್ನು ಅಳೆಯುವ ಪರೀಕ್ಷೆಗೆ ಫೆರಿಟಿನ್ ಪರೀಕ್ಷೆ ಎಂದು ಹೆಸರು.

ಚಡಪಡಿಕೆ ಇರುವ ವಯಸ್ಕರಲ್ಲಿ ಫೆರಿಟಿನ್ ಪ್ರಮಾಣ ಒಂದು ಮಿಲಿಲೀಟರ್ ರಕ್ತದ್ರವಕ್ಕೆ 75 ನ್ಯಾನೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಕಬ್ಬಿಣ ಕೊಟ್ಟು ನೋಡಬೇಕೆಂಬುದು ನಿದ್ರಾ ತಜ್ಞರ ಇಂದಿನ ಸಲಹೆ. ಪ್ರಯೋಗಾಲಯದ ವರದಿಯಲ್ಲಿ 20 ಅಥವಾ 30 ಕೂಡ 'ಸಹಜ' ಎಂದು ಮುದ್ರಿತವಾಗಿರಬಹುದು. ಅಷ್ಟರಿಂದ ಸುಮ್ಮನಾಗದೆ, ಕಾಲಿನ ತೊಂದರೆಯನ್ನು ವಿವರಿಸಿ ವೈದ್ಯರ ಅಭಿಪ್ರಾಯ ಕೇಳಬೇಕು. ಜ್ವರ, ಸೋಂಕು ಇರುವಾಗ ಫೆರಿಟಿನ್ ಸುಳ್ಳಾಗಿ ಏರಿರುತ್ತದೆ. ಆದುದರಿಂದ ಅವು ವಾಸಿಯಾದ ಮೇಲೆ ಪರೀಕ್ಷೆ ಮಾಡಿಸಬೇಕು. ಎಲ್ಲ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ಈ ಪರೀಕ್ಷೆಯ ಸೌಕರ್ಯವಿರುವುದಿಲ್ಲ. ದೊಡ್ಡ ಆಸ್ಪತ್ರೆ ಅಥವಾ ಪ್ರಯೋಗಾಲಯಕ್ಕೆ ಚೀಟಿ ಬರೆದುಕೊಡುವಂತೆ ಅಲ್ಲಿಯ ವೈದ್ಯರನ್ನು ಕೇಳಬಹುದು. ಇದರ ಜೊತೆಗೆ ಸಕ್ಕರೆ ಕಾಯಿಲೆ ಮತ್ತು ಮೂತ್ರಪಿಂಡದ ಪರೀಕ್ಷೆಗಳನ್ನೂ ಮಾಡಿಸುವುದು ಒಳ್ಳೆಯದು. ಮೂತ್ರಪಿಂಡ ಕೆಟ್ಟವರಲ್ಲಿಯೂ ಈ ಚಡಪಡಿಕೆ ಹೆಚ್ಚಾಗಿ ಕಂಡುಬರುತ್ತದೆ.

ಕೊರತೆ ಹೇಗೆ ಉಂಟಾಗುತ್ತದೆ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಹೆಂಗಸರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆಯಿತ್ತು. ರಕ್ತಹೀನತೆಗೆ ಕಬ್ಬಿಣದ ಕೊರತೆ ಒಂದು ಮುಖ್ಯ ಕಾರಣ. ಮುಟ್ಟಿನ ಅಧಿಕ ಸ್ರಾವ, ಮೇಲಿಂದ ಮೇಲೆ ಬಸುರಿ ಬಾಣಂತನ, ಎಲ್ಲರಿಗೂ ಬಡಿಸಿ ಉಳಿದದ್ದನ್ನು ತಾನುಣ್ಣುವ ಪದ್ಧತಿ, ಇವೆಲ್ಲವೂ ಹೆಣ್ಣುಮಕ್ಕಳ ಕಬ್ಬಿಣದ ಸಂಗ್ರಹವನ್ನು ಬರಿದು ಮಾಡುತ್ತವೆ.

ಕೊಕ್ಕೆಹುಳು ಇನ್ನೊಂದು ಕಾರಣ. ಬಯಲಿನಲ್ಲಿ ಮಲವಿಸರ್ಜನೆ ಮಾಡಿದ ಹಸಿ ಮಣ್ಣಿನಲ್ಲಿ ಇದರ ಮರಿಗಳಿರುತ್ತವೆ. ಬರಿಗಾಲಿನಲ್ಲಿ ಓಡಾಡುವವರ ಚರ್ಮವನ್ನು ತೂರಿ ಒಳಸೇರಿ, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ಶೌಚಾಲಯದ ಬಳಕೆ, ಕಾಲಿಗೆ ಚಪ್ಪಲಿ, ವೈದ್ಯರ ಸಲಹೆಯಂತೆ ಜಂತುಹುಳದ ಮಾತ್ರೆ, ಇವು ಇದಕ್ಕೆ ಪರಿಹಾರ.

ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣದ ಕೊರತೆ ಕಂಡುಬಂದರೆ ಮಾತ್ರೆ ನುಂಗಿ ಸುಮ್ಮನಿರಬಾರದು. ರಕ್ತ ಎಲ್ಲಿ ಸೋರುತ್ತಿದೆ ಎಂಬುದನ್ನು ಪತ್ತೆ ಮಾಡಲೇಬೇಕು. ಮೂಲವ್ಯಾಧಿಯಿರಬಹುದು, ನೋವಿನ ಮಾತ್ರೆಗಳನ್ನು ದಿನವೂ ನುಂಗಿದ್ದರಿಂದ ಜಠರದಲ್ಲಿ ಹುಣ್ಣಾಗಿರಬಹುದು, ಕರುಳಿನಲ್ಲಿ ಗಡ್ಡೆಯೂ ಇರಬಹುದು. ಕಾಲಿನ ಕಾಟಕ್ಕೆಂದು ನುಂಗಿದ ನೋವಿನ ಮಾತ್ರೆಯೇ ಹುಣ್ಣು ಮಾಡಿ, ರಕ್ತ ಸೋರಿಸಿ, ಚಡಪಡಿಕೆಯನ್ನು ಹೆಚ್ಚಿಸುವ ಸಂಭವವಿದೆ.

ಕಬ್ಬಿಣದ ಮಾತ್ರೆ ಸೇವಿಸುವ ಕ್ರಮ

ಪರೀಕ್ಷೆಯ ನಂತರ ವೈದ್ಯರು ಹೇಳಿದ ಪ್ರಮಾಣದಲ್ಲಿಯೇ ಮಾತ್ರೆ ತೆಗೆದುಕೊಳ್ಳಬೇಕು. ಕೆಲವರಿಗೆ ದಿನಕ್ಕೊಂದು, ಕೆಲವರಿಗೆ ದಿನ ಬಿಟ್ಟು ದಿನ ಕೊಡುವುದುಂಟು.

1. ಖಾಲಿ ಹೊಟ್ಟೆಯಲ್ಲಿ ನಿಂಬೆರಸ ಬೆರೆಸಿದ ನೀರಿನೊಡನೆ ಸೇವಿಸಿದರೆ ಚೆನ್ನಾಗಿ ಹೀರಲ್ಪಡುತ್ತದೆ. ಹೊಟ್ಟೆ ತೊಳಸಿದಂತಾದರೆ ಸ್ವಲ್ಪ ಆಹಾರದ ನಂತರ ಸೇವಿಸಬಹುದು.

2. ಚಹಾ, ಕಾಫಿ, ಹಾಲು, ಸುಣ್ಣಾಂಶದ ಮಾತ್ರೆ, ಹುಳಿತೇಗಿನ ಮಾತ್ರೆ ಇವುಗಳೊಡನೆ ಸೇವಿಸಬಾರದು. ನಡುವೆ ಒಂದೆರಡು ಗಂಟೆಗಳ ಅಂತರವಿರಲಿ.

3. ಮಲ ಕಪ್ಪಾಗುವುದು ಸಹಜ, ಹೆದರಿ ನಿಲ್ಲಿಸಬಾರದು. ಮಲಬದ್ಧತೆಯಾದರೆ ನೀರು, ಸೊಪ್ಪು, ಹಣ್ಣುಗಳನ್ನು ಹೆಚ್ಚಿಸಬೇಕು. ಆದರೆ ಮಾತ್ರೆ ಸೇವಿಸದೆಯೇ ಮಲ ಡಾಂಬರಿನಂತೆ ಕಪ್ಪಾಗಿದ್ದರೆ ಒಳಗೆ ರಕ್ತಸ್ರಾವವಿರಬಹುದು. ಕೂಡಲೇ ವೈದ್ಯರನ್ನು ಕಾಣಬೇಕು.

4. ಒಂದೆರಡು ದಿನಗಳಲ್ಲಿ ಗುಣ ಕಾಣುವುದಿಲ್ಲ. ಬರಿದಾದ ಕಣಜ ತುಂಬಲು ಎರಡು ಮೂರು ತಿಂಗಳು ಬೇಕು. ಸುಮಾರು ಮೂರು ತಿಂಗಳ ನಂತರ ಫೆರಿಟಿನ್ ಮತ್ತೆ ಪರೀಕ್ಷಿಸಿ, ಮುಂದುವರಿಸಬೇಕೇ ಎಂದು ನಿರ್ಧರಿಸಬೇಕು.

5. ಮಾತ್ರೆ ಒಗ್ಗದವರಿಗೆ ಅಥವಾ ಅದರಿಂದ ಗುಣವಾಗದವರಿಗೆ ಆಸ್ಪತ್ರೆಯಲ್ಲಿ ರಕ್ತನಾಳದ ಮೂಲಕ ಕಬ್ಬಿಣ ಕೊಡುವ ವಿಧಾನವಿದೆ.

6. ಪರೀಕ್ಷೆಯಿಲ್ಲದೆ ಸ್ವಂತವಾಗಿ ತಿಂಗಳುಗಟ್ಟಲೆ ಸೇವಿಸಬಾರದು. ಕೆಲವು ಕಾಯಿಲೆಗಳಲ್ಲಿ ಶರೀರದಲ್ಲಿ ಕಬ್ಬಿಣ ಹೆಚ್ಚಾಗಿಯೇ ಇದ್ದು, ಇನ್ನಷ್ಟು ಕೊಟ್ಟರೆ ಯಕೃತ್ತಿಗೆ ಹಾನಿಯಾಗುತ್ತದೆ.

7. ಮಾತ್ರೆಗಳನ್ನು ಮಕ್ಕಳ ಕೈಗೆಟುಕದಂತೆ ಇಡಬೇಕು. ಮಿಠಾಯಿ ಎಂದು ಚಿಕ್ಕ ಮಗು ಹಲವು ಮಾತ್ರೆಗಳನ್ನು ನುಂಗಿದರೆ ಪ್ರಾಣಾಪಾಯವಾಗುತ್ತದೆ.

ಊಟದಲ್ಲಿ ಗಮನಿಸಬೇಕಾದದ್ದು

ನಮ್ಮ ರಾಗಿ, ಜೋಳ, ಸಜ್ಜೆ, ಹುರುಳಿ, ಅಲಸಂದೆ, ಹರಿವೆ ಮತ್ತು ನುಗ್ಗೆಸೊಪ್ಪುಗಳಲ್ಲಿ ಕಬ್ಬಿಣಾಂಶವಿದೆ. ಸಿರಿಧಾನ್ಯಗಳಲ್ಲಿ ಸಜ್ಜೆಯೂ ಬೇಳೆಕಾಳುಗಳಲ್ಲಿ ಹುರುಳಿಯೂ ಉತ್ತಮ. ಆದರೆ ಧಾನ್ಯಗಳ ಹೊಟ್ಟಿನಲ್ಲಿರುವ ಫೈಟೇಟ್ ಎಂಬ ವಸ್ತು ಈ ಕಬ್ಬಿಣವನ್ನು ಬಿಗಿಯಾಗಿ ಹಿಡಿದಿಡುವುದರಿಂದ ಅಲ್ಪಾಂಶ ಮಾತ್ರ ಶರೀರಕ್ಕೆ ದಕ್ಕುತ್ತದೆ. ಇದನ್ನು ಹೆಚ್ಚಿಸಲು ಸುಲಭ ಉಪಾಯಗಳಿವೆ.

ರಾಗಿ, ಹುರುಳಿ, ಹೆಸರುಗಳನ್ನು ಮೊಳಕೆ ಕಟ್ಟಿ ಬಳಸಬೇಕು. ಹುಳಿ ಬರಿಸಿದ ಅಂಬಲಿಯೂ ಒಳ್ಳೆಯದು. ಮೊಳಕೆ ಮತ್ತು ಹುಳಿಯುವಿಕೆಯಿಂದ ಫೈಟೇಟ್ ಕಡಿಮೆಯಾಗುತ್ತದೆ. ಹುರುಳಿ ಸಾರಿಗೆ, ಸೊಪ್ಪಿನ ಪಲ್ಯಕ್ಕೆ ಒಲೆಯಿಂದಿಳಿಸಿದ ಮೇಲೆ ನಿಂಬೆಹಣ್ಣು ಹಿಂಡಬೇಕು. ಊಟದೊಡನೆ ನೆಲ್ಲಿಕಾಯಿ, ಸೀಬೆಹಣ್ಣು ತಿನ್ನಬೇಕು. ಇವುಗಳಲ್ಲಿರುವ ಸಿ ಜೀವಸತ್ವ ಕಬ್ಬಿಣ ಹೀರಲು ನೆರವಾಗುತ್ತದೆ. ಹುಳಿಯಿರುವ ಪಲ್ಯ, ಗೊಜ್ಜುಗಳನ್ನು ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದರೆ ಅದರ ಅಂಶವೂ ಆಹಾರಕ್ಕೆ ಸೇರುತ್ತದೆ. ಮಾಂಸಾಹಾರಿಗಳಿಗೆ ಮಾಂಸ ಮತ್ತು ಮೀನಿನಿಂದ ಕಬ್ಬಿಣ ಸುಲಭವಾಗಿ ದೊರೆಯುತ್ತದೆ. ಬೆಲ್ಲವೊಂದರಿಂದಲೇ ಕೊರತೆ ನೀಗುತ್ತದೆಂದು ನಂಬಿ ಕೂರಬಾರದು.

ಊಟವಾದ ಕೂಡಲೇ ಚಹಾ ಕುಡಿಯುವ ಅಭ್ಯಾಸವನ್ನು ಬಿಡಬೇಕು. ಚಹಾದ ಒಗರು ಊಟದ ಕಬ್ಬಿಣವನ್ನು ಹಿಡಿದಿಟ್ಟುಬಿಡುತ್ತದೆ. ಊಟಕ್ಕೂ ಚಹಾಕ್ಕೂ ಕನಿಷ್ಠ ಒಂದು ಗಂಟೆಯ ಅಂತರವಿರಲಿ.

ಆಹಾರದಿಂದ ಕೊರತೆ ಬಾರದಂತೆ ತಡೆಯಬಹುದು. ಆದರೆ ಬರಿದಾದ ಸಂಗ್ರಹವನ್ನು ತುಂಬಲು ಹೆಚ್ಚಿನವರಿಗೆ ಮಾತ್ರೆಯೂ ಬೇಕಾಗುತ್ತದೆ.

ಗರ್ಭಿಣಿಯರಲ್ಲಿ ಚಡಪಡಿಕೆ

ಬಸುರಿನ ಕೊನೆಯ ಮೂರು ತಿಂಗಳಲ್ಲಿ ಅನೇಕರಿಗೆ ಈ ತೊಂದರೆ ಹೊಸದಾಗಿ ಕಾಣಿಸಿಕೊಂಡು, ಹೆರಿಗೆಯಾದ ಕೆಲವೇ ವಾರಗಳಲ್ಲಿ ಹೆಚ್ಚಿನವರಲ್ಲಿ ಇಲ್ಲವಾಗುತ್ತದೆ. ಗರ್ಭಿಣಿಯರಿಗೆ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ಸರ್ಕಾರದಿಂದ ಉಚಿತವಾಗಿ ಕೊಡಲಾಗುತ್ತದೆ. ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣವಿರುತ್ತದೆ. ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ, ಮಗು ಕಪ್ಪಾಗುತ್ತದೆ ಎಂಬ ಮಾತುಗಳನ್ನು ನಂಬಿ ಈ ಮಾತ್ರೆಗಳನ್ನು ಮೂಲೆಗೆಸೆಯುವುದು ದೊಡ್ಡ ತಪ್ಪು. ಬೇರೆ ಯಾವ ಔಷಧಿಯನ್ನೂ ವೈದ್ಯರನ್ನು ಕೇಳದೆ ಗರ್ಭಿಣಿಯರು ಸೇವಿಸಬಾರದು.

ತೊಂದರೆಯನ್ನು ಹೆಚ್ಚಿಸುವ ವಸ್ತುಗಳು

ಸಂಜೆಯ ನಂತರದ ಚಹಾ ಕಾಫಿ, ಬೀಡಿ, ತಂಬಾಕು ಮತ್ತು ಮದ್ಯ ಕೆಲವರಲ್ಲಿ ಚಡಪಡಿಕೆಯನ್ನು ಹೆಚ್ಚಿಸುತ್ತವೆ. ನಿದ್ರೆ ಬರಲೆಂದು ಕುಡಿದರೆ ಮೊದಲು ಮಂಪರು ಬಂದರೂ ನಡುರಾತ್ರಿಯಲ್ಲಿ ನಿದ್ರೆ ಕೆಡುತ್ತದೆ. ನೆಗಡಿಗೆಂದು ಅಂಗಡಿಯಲ್ಲಿ ಸಿಗುವ ಮಂಪರು ತರುವ ಮಾತ್ರೆಗಳು, ವಾಂತಿ ತಡೆಯುವ ಮೆಟೊಕ್ಲೋಪ್ರಮೈಡ್‌ನಂಥ ಔಷಧಿಗಳು, ಮಾನಸಿಕ ಖಿನ್ನತೆಗೆ ಕೊಡುವ ಕೆಲವು ಔಷಧಿಗಳು ಸಹ ಇದನ್ನು ಕೆರಳಿಸುತ್ತವೆ. ಯಾವ ಯಾವ ಮಾತ್ರೆ ಸೇವಿಸುತ್ತಿದ್ದೀರಿ ಎಂಬುದನ್ನು ವೈದ್ಯರಿಗೆ ತೋರಿಸಬೇಕು. ಆದರೆ ವೈದ್ಯರು ಕೊಟ್ಟ ಔಷಧಿಯನ್ನು ತಾವಾಗಿಯೇ ನಿಲ್ಲಿಸಬಾರದು.

ರಾತ್ರಿಯ ಉಪಶಮನಕ್ಕೆ

ಕಬ್ಬಿಣದ ಸಂಗ್ರಹ ತುಂಬುವವರೆಗೆ ಮನೆಯಲ್ಲಿ ಈ ಕ್ರಮಗಳನ್ನು ಅನುಸರಿಸಬಹುದು.

1. ಮಲಗುವ ಮುನ್ನ ಗೋಡೆಗೆ ಕೈಯೂರಿ, ಒಂದು ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ಬಾಗಿ ಅರ್ಧ ನಿಮಿಷ ನಿಲ್ಲಬೇಕು. ಪ್ರತಿ ಕಾಲಿಗೂ ಮೂರು ನಾಲ್ಕು ಬಾರಿ ಮಾಡಬೇಕು.

2. ಕಾಲಿಗೆ ಬಿಸಿನೀರು ಹಾಕಿಕೊಳ್ಳುವುದು, ಎಣ್ಣೆ ಹಚ್ಚಿ ಮೃದುವಾಗಿ ನೀವುವುದು ಹಿತಕರ. ಕೆಲವರಿಗೆ ತಣ್ಣೀರೇ ಒಗ್ಗುತ್ತದೆ. ಸಕ್ಕರೆ ಕಾಯಿಲೆಯವರು ನೀರಿನ ಬಿಸಿಯನ್ನು ಕೈಯಿಂದ ನೋಡಿಯೇ ಹಾಕಿಕೊಳ್ಳಬೇಕು. ಬಟ್ಟೆಯನ್ನು ಬಿಗಿದು ಕಟ್ಟಬಾರದು.

3. ಸಂಜೆ ಸುಮ್ಮನೆ ಕೂರಬೇಕಾದಾಗ ಮನಸ್ಸು ತೊಡಗುವ ಕೈಕೆಲಸವಿರಲಿ. ಅವರೆಕಾಯಿ ಸುಲಿಯುವುದು, ಹೂ ಕಟ್ಟುವುದು, ಲೆಕ್ಕ ಬರೆಯುವುದು, ಇಂಥ ಕೆಲಸದಲ್ಲಿ ಗಮನವಿದ್ದಾಗ ಚಡಪಡಿಕೆ ಕಡಿಮೆ ಎನಿಸುತ್ತದೆ.

4. ದಿನವೂ ಒಂದೇ ಹೊತ್ತಿಗೆ ಮಲಗುವುದು ಉತ್ತಮ. ರಾತ್ರಿ ವಿದ್ಯುತ್ ಬಂದಾಗ ಪಂಪ್‌ಸೆಟ್ ಹಾಕಿ ನೀರು ಹಾಯಿಸಲು ಹೋಗುವ ಮನೆಗಳಲ್ಲಿ ಸರದಿ ಮಾಡಿಕೊಂಡು, ಈ ತೊಂದರೆ ಇರುವವರಿಗೆ ಅದನ್ನು ತಪ್ಪಿಸಬೇಕು. ನಿದ್ರೆ ಕೆಟ್ಟಷ್ಟೂ ಕಾಟ ಹೆಚ್ಚು.

5. ಇವರಿಗೆ ಒಳ್ಳೆಯ ನಿದ್ರೆ ಬರುವುದು ಮುಂಜಾವಿನಲ್ಲಿ. ಹಾಲು ಕರೆಯುವುದು, ಅಂಗಳ ಸಾರಿಸುವುದು ಮುಂತಾದ ಬೆಳಗಿನ ಕೆಲಸಗಳನ್ನು ಕೆಲಕಾಲ ಬೇರೆಯವರು ವಹಿಸಿಕೊಂಡು ಒಂದು ಗಂಟೆ ಹೆಚ್ಚಿಗೆ ಮಲಗಲು ಬಿಟ್ಟರೆ ಅದೇ ಒಂದು ಔಷಧಿ. ತಡವಾಗಿ ಎದ್ದ ಸೊಸೆಯನ್ನು ಸೋಮಾರಿ ಎನ್ನುವ ಮುನ್ನ ಅವಳು ರಾತ್ರಿ ಎಷ್ಟು ಹೊತ್ತು ಅಂಗಳದಲ್ಲಿ ಓಡಾಡಿದಳೆಂದು ಮನೆಯವರು ವಿಚಾರಿಸಬೇಕು.

ಬೇರೆ ಔಷಧಿಗಳು

ಕಬ್ಬಿಣದ ಪ್ರಮಾಣ ಸರಿಯಾಗಿದ್ದೂ ತೊಂದರೆ ತೀವ್ರವಾಗಿದ್ದರೆ ವೈದ್ಯರು ಬೇರೆ ಔಷಧಿ ಕೊಡುತ್ತಾರೆ. ಹಿಂದೆ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಎಂಬ ಔಷಧಿಗಳನ್ನು ಮೊದಲ ಆಯ್ಕೆಯಾಗಿ ಕೊಡುತ್ತಿದ್ದರು. ಇವುಗಳಿಂದ ಆರಂಭದಲ್ಲಿ ಒಳ್ಳೆಯ ಗುಣ ಕಂಡರೂ, ಬಹುಕಾಲ ಸೇವಿಸಿದ ಅನೇಕರಲ್ಲಿ ಚಡಪಡಿಕೆ ಮಧ್ಯಾಹ್ನದಿಂದಲೇ ಆರಂಭವಾಗಿ ಕೈಗಳಿಗೂ ಹರಡುವುದು ಕಂಡುಬಂದಿದೆ. ಆದ್ದರಿಂದ ಅಮೆರಿಕದ ನಿದ್ರಾ ವೈದ್ಯಕೀಯ ಅಕಾಡೆಮಿಯು 2025ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಇವುಗಳನ್ನು ರೂಢಿಯ ಔಷಧಿಯಾಗಿ ಬಳಸಬಾರದೆಂದೂ, ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್ ಮುಂತಾದವು ಮೇಲೆಂದೂ ಹೇಳಿದೆ. ಇವು ಮಂಪರು ತರುವುದರಿಂದ, ಸೇವಿಸುವವರು ಶರೀರಕ್ಕೆ ಒಗ್ಗುವವರೆಗೆ ವಾಹನ ಹಾಗೂ ಯಂತ್ರಗಳಿಂದ ದೂರವಿರಬೇಕು. ಹಳೆಯ ಔಷಧಿಯನ್ನು ಸೇವಿಸುತ್ತಿರುವವರು ಅದನ್ನು ಥಟ್ಟನೆ ನಿಲ್ಲಿಸದೆ ವೈದ್ಯರ ಸಲಹೆಯಂತೆ ನಿಧಾನವಾಗಿ ಕಡಿಮೆ ಮಾಡಬೇಕು.

ಬೆಳೆ ಹಳದಿಯಾದರೆ ಎಲೆಯನ್ನು ತಂದು ತೋರಿಸಿ ಕಾರಣ ಕೇಳುವ ರೈತರು, ಮನೆಯವರ ಕಾಲು ರಾತ್ರಿಯಿಡೀ ಚಡಪಡಿಸುವಾಗಲೂ ಅದೇ ಕಾಳಜಿಯಿಂದ ಕಾರಣ ಕೇಳಬೇಕು. ವಾರದಲ್ಲಿ ಎರಡು ಮೂರು ರಾತ್ರಿ ಈ ತೊಂದರೆ ಇರುವವರು ನಿಮ್ಮ ಮನೆಯಲ್ಲಿದ್ದರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು, ನಾಲ್ಕು ಲಕ್ಷಣಗಳನ್ನು ತಿಳಿಸಿ, ಫೆರಿಟಿನ್ ಪರೀಕ್ಷೆಯ ಬಗ್ಗೆ ವಿಚಾರಿಸಿರಿ.